ನೀಲಿಯಾದರೆ ಊಟ ಮಾಡಿ

ತರಕಾರಿಯಲ್ಲಿ ಉಳಿದ ಕೀಟನಾಶಕವನ್ನು ಹತ್ತೇ ನಿಮಿಷದಲ್ಲಿ ಪತ್ತೆ ಹಚ್ಚುವುದು ನನ್ನ ಕೆಲಸ. ವ್ಯಾನಿನಲ್ಲೇ ಲ್ಯಾಬು. ಕಾಯಿ ತೊಳೆದ ನೀರನ್ನು ಪುಟ್ಟ ಕಾರ್ಡಿಗೆ ಹನಿಸಬೇಕು. ನೀಲಿಯಾದರೆ ತಿನ್ನಬಹುದು, ಬೆಳ್ಳಗೇ ಉಳಿದರೆ ಔಷಧಿ ಉಳಿದಿದೆ ಎಂದರ್ಥ. ಇಷ್ಟು ಸರಳ ವಿಜ್ಞಾನವನ್ನು ಜನರ ಮುಂದಿಟ್ಟ ತಪ್ಪಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಗಟ್ಟಿ ಬಣ್ಣ

ರಾಯದುರ್ಗದ ಮಾರ್ಕೆಟ್ಟಿನಲ್ಲಿ ಒಬ್ಬ ಅಮ್ಮನ ಬದನೆಕಾಯಿ ಪರೀಕ್ಷಿಸಿದೆ. ಕಾರ್ಡು ನೀಲಿಯಾಯಿತು.

"ಅಯ್ಯೋ, ವಿಷ ಏರಿತಲ್ರೀ!" ಎಂದು ಎದೆ ಬಡಿದುಕೊಂಡರು.

"ಇಲ್ರಮ್ಮ, ನೀಲಿ ಆದ್ರ ಒಳ್ಳೇದು."

ಕಾರ್ಡನ್ನು ಬುಟ್ಟಿಗೆ ಸಿಕ್ಕಿಸಿಕೊಂಡು ವ್ಯಾಪಾರಕ್ಕೆ ಕೂತರು. ಮುಂದಿನ ವಾರ ಹೋದರೆ ಆ ಸಾಲಿನ ಎಲ್ಲ ಬುಟ್ಟಿಗೂ ನೀಲಿ! ಹತ್ತಿರ ಹೋಗಿ ನೋಡಿದೆ: ಜೀನ್ಸ್ ಬಟ್ಟೆಯ ಚೂರು. ಅದೇ ಅಮ್ಮ ಹೆಮ್ಮೆಯಿಂದ ವಿವರಿಸಿದರು:

"ನನ್ನ ಮಗಳು ಜೀನ್ಸ್ ಹೊಲಿಯಾಕ ಹೋಗ್ತಾಳ್ರಿ, ಆಕೀನೇ ಚೂರು ಕತ್ತರಿಸಿ ತಂದ್ಳು. ನಿಮ್ಮ ಕಾರ್ಡಿಗಿಂತ ಇದ ಚಲೋ ಐತ್ರಿ, ತೊಳದ್ರೂ ಬಣ್ಣ ಹೋಗಂಗಿಲ್ಲ."

ಆದರ್ಶ ರೈತ

ಮಡಕಶಿರಾದಲ್ಲಿ ಅಮರಾಪುರದ ಕಡೆಯ ರೈತರೊಬ್ಬರು ಟೊಮೇಟೊ ತಂದರು. ಕಾರ್ಡು ಕಡುನೀಲಿ. ಸುತ್ತ ನಿಂತಿದ್ದವರಿಗೆಲ್ಲ, "ಇವರನ್ನ ನೋಡಿ ಕಲೀರಿ" ಎಂದು ಭಾಷಣವನ್ನೇ ಬಿಗಿದೆ.

"ಯಾವ ಹೊಲದ್ದಣ್ಣ?"

"ಹೊಲದ್ದಲ್ಲ ಸಾರ್, ಮನೆ ಹಿತ್ಲಾಗಿರೋ ಗಿಡದ್ದು."

"ಮಾರೋದನ್ನ ತರಬೇಕಿತ್ತಲ್ಲ?"

"ಅದನ್ನ್ಯಾಕೆ ಟೆಸ್ಟ್ ಮಾಡ್ಸಾನ ಸಾರ್? ಔಷ್ಧಿ ಹೊಡ್ದೋನು ನಾನೇ, ನಂಗೆ ಗೊತ್ತಿಲ್ವಾ?"

ಸಾಹೇಬರ ತಪಾಸಣೆ

ಒಮ್ಮೆ ರಾಯದುರ್ಗಕ್ಕೆ ದೊಡ್ಡ ಸಾಹೇಬರು ಬಂದರು. ಅವರು ಮಾರ್ಕೆಟ್ ಸುತ್ತುವಾಗ ಡ್ರೈವರ್ ಹಿಂದಿನಿಂದ ಮಿರಮಿರ ಹೊಳೆಯುವ ಕಾಯಿಗಳನ್ನೇ ಆರಿಸಿ ಚೀಲ ತುಂಬಿಸಿ, ನನ್ನ ವ್ಯಾನಿನ ಪಕ್ಕ ನಿಂತಿದ್ದ ಕಾರಿನಲ್ಲಿ ಇಡುತ್ತಿದ್ದ. ಕಾಸು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಪೇಪರಿನವರ ಮುಂದೆ ನನ್ನ ಪರೀಕ್ಷೆ ಶುರುವಾಯಿತು. ಬೆಂಡೆ ನೀಲಿ. ಹೂಕೋಸು ನೀಲಿ. ಕೊತ್ತಂಬರಿಯೂ ನೀಲಿ.

ಸಾಹೇಬರ ಮುಖ ಕಪ್ಪಾಯಿತು. "ಏನ್ರೀ ಇದು? ಒಂದರಾಗಾದ್ರೂ ವಿಷ ಸಿಗಲಿಲ್ಲಂದ್ರ ಈ ವ್ಯಾನು ಯಾಕ ಬೇಕು? ನಾಳಿಂದ ನಿಲ್ಲಸ್ತೀನಿ!"

ವ್ಯಾನು ನಿಂತರೆ ನನ್ನ ಅನ್ನವೂ ನಿಂತಂತೆ. ಪಕ್ಕದಲ್ಲೇ ಕೈಗೆ ಸಿಕ್ಕ ಮೆಣಸಿನಕಾಯಿ ಎತ್ತಿಕೊಂಡು ತೊಳೆದು ನೀರು ಹನಿಸಿದೆ. ಹತ್ತು ನಿಮಿಷವಾದರೂ ಕಾರ್ಡು ಹಾಲಿನಂತೆ ಬೆಳ್ಳಗೆ!

"ಸಿಕ್ತು ಸಾರ್!"

ಕ್ಯಾಮೆರಾಗಳು ಮಿಂಚಿದವು. ಸಾಹೇಬರು ನನ್ನ ಬೆನ್ನು ತಟ್ಟಿ, "ಭೇಷ್! ಯಾವ ಅಂಗಡೀದು ಇದು?" ಎಂದರು.

"ನಿಮ್ಮ ಕಾರಿನ ಚೀಲದ್ದು ಸಾರ್."

ಸಾಹೇಬರು ಡ್ರೈವರ್ ಕಡೆ ತಿರುಗಿದರು. ಅವರಿಗೆ ಪ್ರಜೆಗಳ ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದು ಅವತ್ತೇ ನನಗೆ ತಿಳಿದದ್ದು.

"ಏಯ್, ಆ ಚೀಲ ಮನಿಗೆ ಬ್ಯಾಡ. ಆಫೀಸಿನ ಸ್ಟಾಫಿಗೆ ಹಂಚಿಬಿಡು."