ಬೆನ್ನಿಗೆ ಬಾಗಿಲಿದ್ದ ಬಿಜಲಿ

ರಾಚಪ್ಪನ ಕಷ್ಟಕ್ಕೆಲ್ಲ ಮೂಲ ಅವನ ಅಂಗಿಯ ಕಿಸೆಯಲ್ಲಿದ್ದ ಲೈಸೆನ್ಸು. ಸೊಲ್ಲಾಪುರದ ಚನ್ನವೀರಪ್ಪ ಸಾವಕಾರರ ಚಾದರದ ಅಂಗಡಿಯಲ್ಲಿ ಹನ್ನೊಂದು ವರ್ಷ ಗಾದಿಯ ಮೇಲೆ ಕೂತು, ಗಿರಾಕಿಗಳಿಗೆ ಚಾದರ ಬಿಚ್ಚಿ ತೋರಿಸುತ್ತ ಸುಖವಾಗಿದ್ದವನು ಅವನು. ಸಾವಕಾರರು ಹೇಳಿದರೆಂದು, ಗಂಟುಗಳನ್ನು ಸ್ಟೇಶನ್ನಿಗೆ ಸಾಗಿಸುವ ಹಳೆಯ ಟೆಂಪೋ ಓಡಿಸಲು ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದ. ಆ ಟೆಂಪೋ ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಟ್ಟು ಹಿಂದೆ ಬರುವಂಥದ್ದು. ಅದಕ್ಕಿಂತ ಜೋರಾಗಿ ಓಡುವ ಯಾವುದನ್ನೂ ಮುಟ್ಟಬಾರದೆಂದು ರಾಚಪ್ಪ ಮನಸ್ಸಿನಲ್ಲೇ ಪಣ ತೊಟ್ಟಿದ್ದ.

ಎಪ್ಪತ್ತೆಂಟನೆಯ ಇಸವಿಯ ದೀಪಾವಳಿ ಮುಗಿದದ್ದೇ ಸಾವಕಾರರಿಗೆ ಕಾರು ಮಾರುವ ಹುಚ್ಚು ಹಿಡಿಯಿತು. ಪುಣೆಯ ಕಡೆಯ ಯಾವುದೋ ಹೊಸ ಕಾರಖಾನೆಯ ‘ಬಿಜಲಿ’ ಎಂಬ ಕಾರಿನ ಏಜೆನ್ಸಿ ತಂದರು. ನೋಡುವುದಕ್ಕೆ ಗಿಡ್ಡ, ಹಿಂಬದಿಯಲ್ಲಿ ಮೇಲಕ್ಕೆ ಎತ್ತುವ ಇಡೀ ಒಂದು ಬಾಗಿಲು, ಹೊಟ್ಟೆಯಲ್ಲಿ ಮಾತ್ರ ದೊಡ್ಡ ಗಾಡಿಗೆ ಹಾಕುವಂಥ ಎಂಜಿನ್ನು. ಕಾಲು ತಾಗಿದರೆ ಸಾಕು, ಹಗ್ಗ ಹರಿದ ಹೋರಿಯ ಹಾಗೆ ಜಿಗಿಯುತ್ತಿತ್ತು.

ಅದು ಜಿಗಿಯಿತೇ ಹೊರತು ಮಾರಾಟವಾಗಲಿಲ್ಲ. ಫಿಯಾಟ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಅಂಬಾಸಡರಿನದೂ ಅದೇ ಕಥೆ. ಬಿಜಲಿಯಾದರೋ ಅಂಗಡಿಯ ಮುಂದೆಯೇ ನಿಂತಿದೆ, ಈಗ ಬಂದರೆ ಈಗಲೇ ಸಿಗುತ್ತದೆ. ಇದನ್ನೇ ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ ಸಾವಕಾರರು ಕೆಟ್ಟರು. ಕೇಳಿದ ದಿನವೇ ಕೊಡುತ್ತಾರೆ ಅಂದರೆ ಯಾರಿಗೂ ಬೇಡವಾದ ಮಾಲೇ ಇರಬೇಕೆಂದು ಊರು ತೀರ್ಮಾನಿಸಿತು. ಸಾವಕಾರರು ಫಿಯಾಟಿಗಿಂತ ಒಂದು ಸಾವಿರ ಇಳಿಸಿದರು. ಏನೋ ಐಬು ಇದೆ ಎಂದರು ಜನ. ಎರಡು ಸಾವಿರ ಇಳಿಸಿದರು. ಅದರಲ್ಲಿ ಯಾರೋ ಸತ್ತಿರಬೇಕು ಎಂದರು.

ಒಂದು ಸೋಮವಾರ ಬೆಳಿಗ್ಗೆ ಸಾವಕಾರರಿಗೆ ಒಂದು ಸುದ್ದಿ ಬಂತು. ಅಕ್ಕಲಕೋಟ ತಾಲೂಕಿನ ನಾಗಣಸೂರದ ದೊಡ್ಡ ಹೊಲಮನೆಯ ಭೀಮಶಾ ಗೌಡರು ಆರು ವರ್ಷದಿಂದ ಫಿಯಾಟಿಗೆ ಹೆಸರು ಬರೆಸಿ ಕಾಯ್ದು ಬೇಸತ್ತಿದ್ದಾರೆ. ಸೊಲ್ಲಾಪುರದ ಬೀಗರ ಮನೆಗೆ ಬಂದವರು ಅಂದು ತಾಯಿಯೊಂದಿಗೆ ಬಸ್ಸು ಹತ್ತಿ, ಎತ್ತು ನೋಡಲು ಅಕ್ಕಲಕೋಟದ ದನದ ಬಜಾರಿಗೆ ಹೊರಟಿದ್ದಾರೆ. ಸಾವಕಾರರು ರಾಚಪ್ಪನನ್ನು ಕರೆದರು.

“ಗಾಡಿ ತಗೊಂಡ ಅಕ್ಕಲಕೋಟಕ್ಕ ಹೋಗು. ಗೌಡ್ರಿಗೆ ಕುಂದರಿಸಿ ತೋರಸು. ಫಿಯಾಟಿನಕಿಂತ ಮೂರು ಸಾವಿರ ಕಮ್ಮಿಗೂ ಕೊಡು, ಅದರ ಕೆಳಗ ಮಾತ್ರ ಇಳೀಬ್ಯಾಡ. ಇವತ್ತ ಮಾರಿ ಬಂದಿ ಅಂದ್ರ ನಿನ್ನ ಗಾದಿ ನಿನಗ. ಇಲ್ಲಂದ್ರ ನಾಳಿಂದ ದಿನಾ ಒಂದೊಂದು ಊರ ಬಜಾರಕ್ಕ ಈ ಗಾಡಿ ಹೊಡಕೊಂಡ ತಿರುಗಬೇಕು.”

ಬಿಜಲಿಯನ್ನು ರಾಚಪ್ಪ ಒಮ್ಮೆ ಮಾತ್ರ ಓಡಿಸಿದ್ದ, ಅಂಗಡಿಯಿಂದ ಚೌಕದವರೆಗೆ. ಆ ದಿನ ಊಟ ಸೇರಿರಲಿಲ್ಲ. ದಿನಾ ಓಡಿಸುವ ಮಾತು ಕೇಳಿ ಅವನ ಹೆಂಡತಿ ಗಂಗುಬಾಯಿ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟಳು. ಹೇಗಾದರೂ ಇವತ್ತು ಇದನ್ನು ಗೌಡರ ಕೊರಳಿಗೆ ಕಟ್ಟಿ, ಸಂಜೆ ಬಸ್ಸಿಗೆ ಬಂದು ಗಾದಿ ಸೇರಬೇಕು, ಇಷ್ಟೇ ರಾಚಪ್ಪನ ತಲೆಯಲ್ಲಿದ್ದದ್ದು. ಸಲಹೆ ಕೊಡಲೆಂದು ಸಾವಕಾರರು ಅಂಗಡಿಯ ಗುಮಾಸ್ತ ಸಿದ್ದಣ್ಣನನ್ನು ಪಕ್ಕದಲ್ಲಿ ಕೂರಿಸಿ ಕಳಿಸಿದರು. ಸಿದ್ದಣ್ಣನಿಗೆ ಸೈಕಲ್ಲೂ ಬರುತ್ತಿರಲಿಲ್ಲ, ಸಲಹೆಗೆ ಮಾತ್ರ ಕೊರತೆಯಿರಲಿಲ್ಲ.

ಊರು ದಾಟುವವರೆಗೆ ಬಿಜಲಿ ಸಣ್ಣಗೆ ಗುರುಗುಟ್ಟುತ್ತ ಬಂತು. ರಸ್ತೆ ಖಾಲಿಯಾದಲ್ಲಿ ಸ್ವಲ್ಪ ಜೋರು ಮಾಡಲು ಸಿದ್ದಣ್ಣ ಹೇಳಿದ. ರಾಚಪ್ಪ ಕಾಲು ಒತ್ತಿದ. ಗಾಡಿ ನೆಗೆದ ರಭಸಕ್ಕೆ ಹೆದರಿ ಅವನ ಕಾಲು ಸೆಟೆದುಕೊಂಡಿತು, ಸೆಟೆದ ಕಾಲು ಮೇಲೇಳಲಿಲ್ಲ. ಮರಗಳು ಹಿಂದಕ್ಕೆ ಓಡತೊಡಗಿದವು. ಒಂದು ಕುರಿ ಹಿಂಡು ಅದಾಗಿಯೇ ಎರಡು ಪಾಲಾಗಿ ದಾರಿ ಬಿಟ್ಟಿತು. ಮುಂದೆ ಸರಕಾರಿ ಬಸ್ಸೊಂದು ಕಂಡಾಗ ಅದರ ಹಿಂದೆಯೇ ಇರಬೇಕೆಂದು ರಾಚಪ್ಪ ಬಯಸಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಸ್ಸೇ ಅವನ ಹಿಂದಿತ್ತು. ಸಿದ್ದಣ್ಣ ಸಲಹೆ ನಿಲ್ಲಿಸಿ ಹನುಮಪ್ಪನ ಹೆಸರು ಹೇಳಲು ಶುರುಮಾಡಿದ. ಅಕ್ಕಲಕೋಟದ ಬಜಾರು ಬಂದಾಗ, ಮುಂದಿದ್ದ ಜೋಳದ ಕಡಬಿಯ ಬಣವೆಗೆ ಉಜ್ಜಿ ಗಾಡಿ ತಾನಾಗಿಯೇ ನಿಂತಿತು.

ರಾಚಪ್ಪ ಕೆಳಗಿಳಿಯದೆ ಸ್ಟೇರಿಂಗ್ ಹಿಡಿದೇ ಕೂತಿದ್ದ. ಅಷ್ಟರಲ್ಲಿ ಆ ಬಸ್ಸೂ ಬಂತು. ಅದರಿಂದ ಇಳಿದವರು ಸಾಕ್ಷಾತ್ ಭೀಮಶಾ ಗೌಡರು, ಜೊತೆಗೆ ಎಪ್ಪತ್ತು ದಾಟಿದ ತಾಯಿ ಗುರಮ್ಮ. ಗೌಡರು ನೇರ ಕಾರಿನ ಹತ್ತಿರ ಬಂದು, ತಮ್ಮ ಬಸ್ಸನ್ನು ಹಾಗೆ ಹಿಂದೆ ಹಾಕಿ ಬಂದ ಗಂಡಸು ಯಾರೆಂದು ಕೇಳಿದರು. ಸಿದ್ದಣ್ಣ ಬೆವರು ಒರೆಸಿಕೊಂಡು ರಾಚಪ್ಪನನ್ನು ತೋರಿಸಿದ. ಇವತ್ತು ಅವರಿಗೆ ಸ್ವಲ್ಪ ನೆಗಡಿ, ಅದಕ್ಕೇ ನಿಧಾನವಾಗಿ ಬಂದರು ಎಂದೂ ಸೇರಿಸಿದ. ರಾಚಪ್ಪನಿಗೆ ಅವನ ಕೊರಳು ಹಿಸುಕಬೇಕೆನಿಸಿತು.

ಗೌಡರು ಒಂದು ಸುತ್ತು ಹೊಡೆಸಲು ಹೇಳಿದರು. ಗುರಮ್ಮ ಪಕ್ಕದ ಬಾಗಿಲಿನ ಕಡೆ ನೋಡಲೂ ಇಲ್ಲ. ಎತ್ತಿನ ಬಂಡಿಗೆ ಹಿಂದಿನಿಂದ ಹತ್ತಿ ರೂಢಿಯಾದವರಿಗೆ ಬೆನ್ನಿನ ಬಾಗಿಲೇ ಸರಿಯೆಂದು ಅದನ್ನೆತ್ತಿಸಿ ಹತ್ತಿ, ಸೀಟಿನ ಹಿಂದಿನ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಇಷ್ಟು ಅನುಕೂಲದ ಕಾರನ್ನು ತಾನು ನೋಡಿಲ್ಲ ಎಂದಳು.

ನಾಗಣಸೂರದ ದಾರಿಯಲ್ಲಿ ರಾಚಪ್ಪ ಸ್ಟೇರಿಂಗನ್ನು ಬಾವಿಗೆ ಬಿದ್ದವ ಹಗ್ಗ ಹಿಡಿದ ಹಾಗೆ ಹಿಡಿದಿದ್ದ. ಒಂದು ಹರದಾರಿ ಹೋಗುವಷ್ಟರಲ್ಲಿ ಎಮ್ಮೆಯೊಂದು ರಸ್ತೆಯ ನಡುವೆ ಬಂದು ನಿಂತಿತು. ಎಡಕ್ಕೆ ಜಾಲಿಯ ಮರ, ಬಲಕ್ಕೆ ತಗ್ಗು. ರಾಚಪ್ಪ ಕಣ್ಣು ಮುಚ್ಚಿ ಹೆಂಡತಿಯನ್ನು ನೆನೆದ. ಕಣ್ಣು ತೆರೆದಾಗ ಎಮ್ಮೆ ಹಿಂದೆ ನಿಂತು ಮೆಲಕು ಹಾಕುತ್ತಿತ್ತು, ಮರವೂ ಹಿಂದೆ ಇತ್ತು. ಇದು ಹೇಗಾಯಿತೆಂದು ಅವನಿಗೆ ಇಂದಿಗೂ ತಿಳಿದಿಲ್ಲ. ಹಿಂದಿನಿಂದ ಗುರಮ್ಮ, ಇನ್ನೊಂದು ಎಮ್ಮೆ ಸಿಕ್ಕರೆ ಹೀಗೇ ಮಾಡು ಎಂದಳು.

ಬಜಾರಿಗೆ ಮರಳಿದಾಗ ನೂರು ಜನ ಸೇರಿದ್ದರು. ದನದ ಬಜಾರಿನಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವ, ಕೊಳ್ಳುವವ ಇಬ್ಬರೂ ಟವೆಲಿನ ಮರೆಯಲ್ಲಿ ಕೈ ಹಿಡಿದು ಬೆರಳಿನಲ್ಲೇ ಮಾತಾಡುತ್ತಾರೆ. ಕಾರಿಗೂ ಅದೇ ಪದ್ಧತಿ ಎಂದರು ಗೌಡರು. ಫಿಯಾಟಿನ ದರ ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕಿಂತ ಎಷ್ಟು ಸಾವಿರ ಕಡಿಮೆಯೋ ಅಷ್ಟು ಬೆರಳು ರಾಚಪ್ಪ ಬಿಚ್ಚಬೇಕು, ಅಷ್ಟೇ. ಗೌಡರು ಹೆಗಲ ಟವೆಲು ತೆಗೆದು ಇಬ್ಬರ ಕೈ ಮೇಲೆ ಹಾಕಿದರು.

ರಾಚಪ್ಪ ಮೂರು ಬೆರಳು ಬಿಚ್ಚಲು ಹೊರಟ. ಬೆರಳುಗಳು ಬಿಚ್ಚಲಿಲ್ಲ. ಬೆಳಗಿನಿಂದ ಜೀವಭಯದಲ್ಲಿ ಸ್ಟೇರಿಂಗ್ ಹಿಡಿದ ಮುಷ್ಟಿ ಹಾಗೇ ಬಿಗಿದುಕೊಂಡಿತ್ತು. ಗೌಡರು ತಡವಿ ನೋಡಿದರು, ಮುಷ್ಟಿ. ನಸುನಕ್ಕು ಒಂದು ಬೆರಳನ್ನು ಮೆಲ್ಲಗೆ ಎಬ್ಬಿಸಲು ನೋಡಿದರು, ಅದು ಕಬ್ಬಿಣದ ಕೊಕ್ಕೆಯಂತೆ ಮತ್ತೆ ಮಡಚಿಕೊಂಡಿತು. ಮೂರು ಯಾಕೆ, ಐದೂ ಬೆರಳು ಬಿಚ್ಚಿ ಕೈ ಮುಗಿಯಲು ರಾಚಪ್ಪ ಸಿದ್ಧನಿದ್ದ. ಹಲ್ಲು ಕಚ್ಚಿದ, ಹಣೆಯ ಮೇಲೆ ನರ ಎದ್ದವು, ಕಣ್ಣಲ್ಲಿ ನೀರು ಬಂತು. ವ್ಯವಹಾರ ಮುರಿಯಿತು, ನಾಳೆಯಿಂದ ದಿನಾ ಈ ಸಾವಿನ ಗಾಡಿಯೇ ಗತಿ ಎಂದುಕೊಂಡ.

ಗೌಡರು ಟವೆಲು ಸರಿಸಿ ಅವನ ಮುಖ ನೋಡಿದರು.

“ಒಂದು ಬಳ್ಳೂ ಬಿಚ್ಚಲಿಲ್ಲಲ್ಲ ನೀ. ಕಣ್ಣಾಗ ನೀರ ಬಂದ್ರೂ ದರ ಇಳಸಲಿಲ್ಲ. ಇಷ್ಟ ಗಟ್ಟಿ ಕುಂತಿ ಅಂದ್ರ ಮಾಲು ಖರೇನ ಚಲೋ ಇರಬೇಕು. ಫಿಯಾಟಿನ ಭಾವಕ್ಕ ತಗೊಂಡೆ.”

ಸುತ್ತಲಿನ ಜನ ಹೋ ಎಂದರು. ಅಲ್ಲೇ ಇಬ್ಬರು, ಇನ್ನೊಂದು ಬಿಜಲಿ ಬಂದರೆ ತಮ್ಮ ಹೆಸರು ಬರೆದುಕೊಳ್ಳಿ, ಎಷ್ಟು ವರ್ಷವಾದರೂ ಕಾಯುತ್ತೇವೆ ಎಂದು ಸಿದ್ದಣ್ಣನ ಕೈ ಹಿಡಿದರು. ರಾಚಪ್ಪನ ಬೆರಳು ಆಗ ಒಂದೊಂದಾಗಿ ತಾವಾಗಿಯೇ ಬಿಚ್ಚಿಕೊಂಡವು. ಬದುಕಿದೆ ಎಂದುಕೊಂಡ. ನಾಳೆ ಬೆಳಿಗ್ಗೆ ಗಾದಿಯ ಮೇಲೆ ಕೂತು ಹೊಸ ಚಾದರ ಮೂಸಬೇಕೆಂದು ಆಸೆಯಾಯಿತು.

ಗೌಡರು ಅವರಿಬ್ಬರನ್ನು ಪರಿಚಯದ ದಲಾಲರ ಅಡತಿ ಅಂಗಡಿಗೆ ಕರೆದುಕೊಂಡು ಹೋಗಿ, ಅಲ್ಲಿನ ಫೋನಿನಿಂದ ಸಾವಕಾರರಿಗೆ ಟ್ರಂಕ್ ಕಾಲ್ ಹಚ್ಚಿಸಿದರು. ಎರಡು ಮಾತು ಆಡಿದರು, ನಕ್ಕರು, ಹಾಗಾದರೆ ಎರಡು ವರ್ಷ ಎಂದರು. ಆಮೇಲೆ ರಾಚಪ್ಪನ ಕೈಗೆ ಫೋನು ಕೊಟ್ಟರು.

“ಶಾಬಾಸ್ ರಾಚಪ್ಪ,” ಎಂದರು ಅತ್ತಣಿಂದ ಸಾವಕಾರರು. “ಓಟದ ಎತ್ತು ತಗೊಂಡ್ರ ಪಳಗಿಸಿದಾಂವನ್ನೂ ಸಂಗಾಟ ಕಳಸೂದು ಅವರ ಕಡೆ ರೀತಿ ಅಂತ. ನೀ ಇಲ್ಲಂದ್ರ ಗಾಡಿ ಬ್ಯಾಡ ಅಂದ್ರು. ಎರಡು ವರ್ಷಕ್ಕ ನಾ ಹೂಂ ಅಂದೀನಿ. ಗಾದಿ ಚಿಂತಿ ಮಾಡಬ್ಯಾಡ, ಅಲ್ಲಿ ಸಿದ್ದಣ್ಣ ಕುಂದರತಾನ.”

ಫೋನು ಕಟ್ಟಾಯಿತು. ರಾಚಪ್ಪ ಗೌಡರ ಮುಂದೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

“ಗೌಡ್ರ, ನಿಮ್ಮ ಪಾದದಾಣಿ, ನನಗ ಈ ಗಾಡಿ ಅಂದ್ರ ಜೀವ ಹೋಗುವಷ್ಟ ಅಂಜಿಕಿ ಅದ್ರಿ.”

“ಅಂಜಿಕೊಂಡ ಹಿಂಗ ಹೊಡೀತಿ,” ಗೌಡರು ಅವನ ಬೆನ್ನು ತಟ್ಟಿದರು, “ಅಂಜಿಕಿ ಹೋದ ಮ್ಯಾಲ ಹ್ಯಾಂಗ ಹೊಡೀಬಹುದು ನೀ.”

ಸಿದ್ದಣ್ಣ ಆಗಲೇ ಸೊಲ್ಲಾಪುರದ ಬಸ್ಸಿನ ಕಡೆ ಬಿರಬಿರನೆ ನಡೆದಿದ್ದ. ಹೊರಗೆ ಗುರಮ್ಮ ಬಿಜಲಿಯೊಳಗೆ ಕೂತು, ದಾರಿಗೆಂದು ಬಜಾರಿನಲ್ಲಿ ಕೊಂಡ ಚುರಮುರಿ ಚೀಲ, ಕಂಬಳಿ, ತಂಬಿಗೆ ಜೋಡಿಸಿಕೊಳ್ಳುತ್ತಿದ್ದಳು. ನಾಗಣಸೂರಕ್ಕೆ ಇಷ್ಟೆಲ್ಲ ಯಾಕೆಂದು ರಾಚಪ್ಪ ಸಣ್ಣ ದನಿಯಲ್ಲಿ ಕೇಳಿದ.

“ನಾಗಣಸೂರಕ್ಕ ಅಲ್ಲೋ ತಮ್ಮಾ,” ಅಂದಳು ಗುರಮ್ಮ. “ನಾಳೆ ನಸಿಕಿನಾಗ ಕಾಶಿಗೆ ಹೊಂಡೂಣು.”