ಭಾವನ ಗುಡ್ಡದ ಹನ್ನೊಂದು ಬದು

ನಮ್ಮ ಭಾವನಿಗೆ ಹುಚ್ಚು ಹಿಡಿದಿದೆ ಎಂದು ಮಾಕಳಿ ಕಡೆಯ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಚ್ಚು ಅವರನ್ನು ಹಿಡಿಯಲು ಹೋಗಿದ್ದು ನಿಜ. ಆದರೆ ಅವರ ಹಿಂದೆ ಆ ಗುಡ್ಡವನ್ನು ಹತ್ತಿ ಇಳಿದು, ಹತ್ತಿ ಇಳಿದು, ಅರ್ಧದಲ್ಲೇ ಏದುಸಿರು ಬಿಡುತ್ತ ಕೂತಿದೆ. ಪಾಪ, ಅದರ ಪಕ್ಕದಲ್ಲೇ ನಾನೂ ಕೂತಿದ್ದೇನೆ!

ನಾನು ಇರುವುದು ಟಿ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ, ಎರಡನೆಯ ಮಹಡಿ. ವಾರಕ್ಕೆ ಆರು ದಿನ ಪೀಣ್ಯದ ಕಾರ್ಖಾನೆಗೆ ಹೋಗಿ ಬರುತ್ತೇನೆ. ಭಾನುವಾರದ ನಿದ್ದೆಯೊಂದೇ ನಾನು ಸ್ವಂತಕ್ಕೆ ಎಂದು ಮಾಡಿಕೊಂಡಿರುವ ಆಸ್ತಿ. ಅದಕ್ಕೂ ಭಾವ ಬೇಲಿ ಹಾಕಿಬಿಟ್ಟರು. ಬೆಳಗ್ಗೆ ಆರೂವರೆಗೆ ಅವರ ಹಳೆಯ ಸ್ಕೂಟರ್ ನಮ್ಮ ಓಣಿಗೆ ಬಂದು ನಿಂತು ಒಂದೇ ಸಮನೆ ಹಾರ್ನ್ ಹೊಡೆಯುತ್ತದೆ. ನಾನು ಕಿವಿಗೆ ದಿಂಬು ಒತ್ತಿಕೊಂಡು ಸತ್ತವನ ಹಾಗೆ ಮಲಗುತ್ತೇನೆ. ಒಮ್ಮೆ ಕೆಳಗಿನ ಮನೆಯ ಆಕೆಯೇ ಮೇಲೆ ಹತ್ತಿ ಬಂದು ಬಾಗಿಲು ಬಡಿದರು. "ಅಣ್ಣಾ, ನಿಮ್ ಭಾವ ಬಂದವ್ರೆ. ನೀವು ಬೇಗ ಹೊರಟ್ರೆ ನಾವಾದ್ರೂ ಮಲ್ಕೋತೀವಿ" ಎಂದರು. ಹೀಗೆ ಇಡೀ ಓಣಿಯ ನಿದ್ದೆಗಾಗಿ ನಾನು ಬಲಿಯಾಗುತ್ತ ಬಂದಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಪೀಣ್ಯದಲ್ಲೇ ಮೂವತ್ತು ವರ್ಷ ಫಿಟ್ಟರ್ ಆಗಿ ಕೆಟ್ಟ ಮೆಷಿನ್‌ಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ತಿರುಗುವ ವಸ್ತು ಯಾವುದೂ ಒಣಗಿರಬಾರದು ಎಂಬುದು ಅವರ ಧರ್ಮ. ಜೇಬಿನಲ್ಲಿ ಕನ್ನಡಕ ಇರದೆ ಇದ್ದೀತು, ಎಣ್ಣೆ ಡಬ್ಬಿ ಇಲ್ಲದೆ ಹೊರಡುವವರಲ್ಲ. ನೆಂಟರ ಮದುವೆಗೆ ಹೋದಾಗ ಛತ್ರದ ಬಾಗಿಲು ಕಿರ್ರೆನ್ನುತ್ತಿತ್ತು. ಮಾಂಗಲ್ಯಧಾರಣೆಯ ಹೊತ್ತಿಗೆ ಭಾವ ಕುರ್ಚಿ ಹತ್ತಿ ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಬಾಗಿಲು ಸುಮ್ಮನಾಯಿತು, ಅಕ್ಕ ಸುಮ್ಮನಾಗಲಿಲ್ಲ. ಆ ಎಣ್ಣೆಯಿಂದ ಒಂದು ದಿನ ನನ್ನ ತಲೆಗೇ ಬರುತ್ತದೆ ಎಂದು ನನಗಾದರೂ ಏನು ಗೊತ್ತಿತ್ತು?

ಮಾಕಳಿಯ ಆಚೆ ಅವರ ಹಿರಿಯರ ಕಾಲದ ಎರಡು ಎಕರೆ ಇದೆ. ನೆಲ ಎನ್ನುವುದಕ್ಕಿಂತ ಬಂಡೆ ಎನ್ನಬಹುದು. ಗುಡ್ಡದ ಓರೆಯಲ್ಲಿದೆ, ಹುರುಳಿ ಬಿಟ್ಟರೆ ಏನೂ ಬೆಳೆಯದು, ಲಂಟಾನದ ಮುಳ್ಳುಪೊದೆ ಮಾತ್ರ ಹೇಳದೆ ಕೇಳದೆ ಬೆಳೆಯುತ್ತದೆ. ಅಕ್ಕಪಕ್ಕದವರ ಹೊಲಗಳೆಲ್ಲ ಗೋಡೌನುಗಳಾದವು. ನೀವೂ ಶೆಡ್ ಹಾಕಿ ಎಂದು ಊರೆಲ್ಲ ಹೇಳಿತು. ಭಾವ ಎರಡು ವರ್ಷದ ಹಿಂದೆ ಅಲ್ಲಿ ಹಾಕಿದ್ದು ಸೈಕಲ್ ದಾರಿ! ಹಾಲು ಹಾಕುವ ಸೈಕಲ್ಲಿಗಲ್ಲ. ದಪ್ಪ ಟೈರು, ಮುಂದೆ ಸ್ಪ್ರಿಂಗು, ಗುಡ್ಡದಿಂದ ಉರುಳಲೆಂದೇ ಹುಟ್ಟಿದ ಸೈಕಲ್ಲಿಗೆ.

ಇದಕ್ಕೆ ಕಾರಣ ವೈಟ್‌ಫೀಲ್ಡಿನ ಹುಡುಗರು. ಒಂದು ಬೆಳಗ್ಗೆ ನಾಲ್ಕು ಜನ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬಂದು, ಯಾರದು ಎತ್ತ ಎಂದು ಕೇಳದೆ ಭಾವನ ಗುಡ್ಡ ಹತ್ತಿ, ಆಡುಗಳು ಓಡಾಡುವ ಜಾಡಿನಲ್ಲಿ ಇಳಿದು, ಒಬ್ಬ ಲಂಟಾನದೊಳಗೆ ಬಿದ್ದ. ಭಾವ ಓಡಿಹೋಗಿ ಎಬ್ಬಿಸಿ ನೀರು ಕೊಟ್ಟರು. ಮೊಣಕೈ ತರಚಿ ರಕ್ತ ಬರುತ್ತಿದ್ದರೂ ಆ ಹುಡುಗ ನಗುತ್ತ, "ಸಕ್ಕತ್ತಾಗಿದೆ ಅಂಕಲ್ ನಿಮ್ ಟ್ರೇಲ್" ಎಂದು ಮತ್ತೆ ಮೇಲೆ ಹತ್ತಿದನಂತೆ. ಅಂದು ಭಾವನಿಗೆ ಊಟ ಸೇರಲಿಲ್ಲ ಎಂದು ಅಕ್ಕ ಹೇಳಿದಳು. "ಬಿದ್ದೋನು ನಗ್ತಾ ಎದ್ದು ಇನ್ನೊಂದ್ ಸಲ ಅತ್ತುದ್ನಲ್ಲೇ" ಎಂದು ಮೂರು ಸಲ ಹೇಳಿದರಂತೆ. ಮರುದಿನವೇ ಗುದ್ದಲಿ ಹಿಡಿದು ಹೊರಟರು.

ದಾರಿ ಎಲ್ಲಿ ಮಾಡಬೇಕೆಂದು ಹೇಳಲು ಅವರು ಯಾವ ಎಂಜಿನಿಯರನ್ನೂ ಕರೆಯಲಿಲ್ಲ, ಆಡುಗಳನ್ನು ನಂಬಿದರು. ಆಡು ಹೋದಲ್ಲಿ ಭಾವ, ಭಾವ ಹೋದಲ್ಲಿ ರಂಗೋಲಿ ಪುಡಿಯ ಬಿಳಿ ಗೆರೆ. ಗೆರೆ ತಿರುಗುವಲ್ಲೆಲ್ಲ ಗುರುತಿಗೆ ಒಂದೊಂದು ನಿಂಬೆಹಣ್ಣು. ಹಳದಿ ಬಣ್ಣ ದೂರಕ್ಕೆ ಕಾಣುತ್ತದಲ್ಲ! ಮುಂಜಾನೆ ಆಡು ಹೊಡೆದುಕೊಂಡು ಬಂದ ಅಜ್ಜಿ ಬಿಳಿ ಗೆರೆಯನ್ನೂ ನಿಂಬೆಹಣ್ಣನ್ನೂ ನೋಡಿ, ತನ್ನ ಆಡುಗಳಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಊರು ಒಂದು ಮಾಡಿದಳು. ಮರುದಿನ ಅದಕ್ಕೆ ಪ್ರತಿಯಾಗಿ ಗುಡ್ಡದ ಬುಡದಲ್ಲಿ ಕುಂಕುಮ ಹಚ್ಚಿದ ಬೂದುಗುಂಬಳಕಾಯಿ ಬಂದು ಕೂತಿತ್ತು. ಭಾವ ಅದನ್ನು ತೊಳೆದು ಮನೆಗೆ ತಂದು, ಮಜ್ಜಿಗೆಹುಳಿ ಮಾಡೆಂದು ಅಕ್ಕನಿಗೆ ಕೊಟ್ಟರು. ಅಂದು ಅವರ ಮನೆಯಲ್ಲಿ ಒಲೆಯೇ ಹತ್ತಲಿಲ್ಲ.

ಇನ್ನು ಬದುಗಳ ವಿಷಯ. ಇಳಿಜಾರಿನ ದಾರಿ ಎಂದರೆ ಇಳಿಯಬೇಕು ತಾನೆ? ಭಾವನ ದಾರಿ ಇಳಿಯುತ್ತದೆ, ಇನ್ನೇನು ರುಚಿ ಹತ್ತಿತು ಎನ್ನುವಾಗ ಎದುರಿಗೆ ಹೊಲದ ಬದುವಿನಂತೆ ಒಂದು ಮಣ್ಣಿನ ದಿಬ್ಬ! ಅದನ್ನು ಏರಿ ಇಳಿದರೆ ಮತ್ತೊಂದು. ಒಟ್ಟು ಹನ್ನೊಂದು. ಪ್ರತಿ ಬದುವಿನ ಎತ್ತರವನ್ನು ಅವರು ಅಳೆದ ರೀತಿ ಕೇಳಿದರೆ ನಿಮಗೂ ಸುಸ್ತಾಗುತ್ತದೆ. ಒಂದು ಹಳೆಯ ಟೈರನ್ನು ಮೇಲಿನ ಬದುವಿನಿಂದ ಉರುಳಿಬಿಡುವುದು. ಅದು ಬಂದು ಕೆಳಗಿನ ಬದುವಿನ ನೆತ್ತಿಯಲ್ಲಿ ಸುಸ್ತಾಗಿ ನಿಲ್ಲಬೇಕು. ನೆತ್ತಿ ದಾಟಿ ಓಡಿದರೆ ಎರಡು ಬುಟ್ಟಿ ಮಣ್ಣು ಹಾಕು, ಏರದೆ ಹಿಂದಕ್ಕೆ ಬಂದರೆ ಒಂದು ಬುಟ್ಟಿ ತೆಗೆ. ಟೈರನ್ನು ಬಿಡುವವರು ಭಾವ, ಹೊತ್ತು ಮೇಲೆ ತರುವವನು ನಾನು. ಆ ಟೈರನ್ನು ನಾನು ಹೊತ್ತಷ್ಟು ಸಲ ನನ್ನ ತಾಯಿ ನನ್ನನ್ನು ಹೊತ್ತಿರಲಿಕ್ಕಿಲ್ಲ.

"ಭಾವ, ಟೈರು ನಿಲ್ಲದಿದ್ದರೇನಂತೆ? ಸೈಕಲ್ಲಿಗೆ ಬ್ರೇಕ್ ಇರುತ್ತದಲ್ಲ" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಕೇಳಿಸದವರಂತೆ ಮಣ್ಣು ಕುಟ್ಟುತ್ತಿದ್ದರು. ಹಳೆಯ ಸೈಕಲ್ ನಾಲ್ಕು ಕೊಂಡು ದಾರಿ ಶುರು ಮಾಡಿದ ಮೇಲೆ ವೈಟ್‌ಫೀಲ್ಡಿನ ಹುಡುಗರೂ ಅದನ್ನೇ ಹೇಳಿದರು. ಸ್ಪೀಡೇ ಬರುವುದಿಲ್ಲ ಅಂಕಲ್, ಅರ್ಧ ಬದು ತೆಗೆಸಿ ಎಂದು ಬೇಡಿಕೊಂಡರು. "ಅಷ್ಟ್ ಅರ್ಜೆಂಟಾಗಿ ಇಳೀಬೇಕು ಅಂದ್ರೆ ಮೆಟ್ರೋ ಸ್ಟೇಷನ್ನಾಗೆ ಎಸ್ಕಲೇಟರ್ ಐತೆ, ಓಗಿ" ಎಂದರು ಭಾವ. ಹುಡುಗರು ಬೇರೆ ಗುಡ್ಡ ಹುಡುಕಿಕೊಂಡರು. ನಮ್ಮಲ್ಲಿಗೆ ಬರುವವರು ಮಕ್ಕಳು, ಮಕ್ಕಳ ಹಿಂದೆ ಓಡಲಾರದ ತಂದೆತಾಯಿಗಳು, ಮತ್ತು ಆಡುಗಳು.

ಇಷ್ಟೆಲ್ಲ ಹೇಳಿದವನು ಒಂದು ಮಾತನ್ನು ಹೇಳದೆ ಬಿಟ್ಟಿದ್ದೇನೆ. ಆ ಗುಡ್ಡದಲ್ಲಿ ನಾನು ಮಣ್ಣು ಹೊತ್ತೆ, ಟೈರು ಹೊತ್ತೆ. ಸೈಕಲ್ ಮಾತ್ರ ಹತ್ತಲಿಲ್ಲ. ನನ್ನ ಎಡಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಬಿಟ್ಟರೆ ಉಳಿದವು ಇಲ್ಲ. ಭಾವನ ದಾರಿ ಶುರುವಾಗುವ ಕೆಲವು ತಿಂಗಳ ಮುಂಚೆ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ಹೋದವು. ಮೊದಲು ದಿನಾ ಸೈಕಲ್ಲಿನಲ್ಲೇ ಕಾರ್ಖಾನೆಗೆ ಹೋಗುತ್ತಿದ್ದವನು, ಆಮೇಲೆ ಅದನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಗೋಣಿ ಹೊದಿಸಿದೆ. ಎಡಗೈ ಹಿಡಿಯುವುದು ಹಿಂದಿನ ಬ್ರೇಕು. ಅದಿಲ್ಲದೆ ಇಳಿಜಾರಿನಲ್ಲಿ ಮುಂದಿನದೊಂದನ್ನೇ ಹಿಡಿದರೆ ಸೈಕಲ್ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ! ಹೀಗೆ ನಗಿಸುವಂತೆ ಹೇಳಿ ತಪ್ಪಿಸಿಕೊಳ್ಳುವುದನ್ನು ಕಲಿತಿದ್ದೆ. ನಿಜ ಹೇಳುತ್ತೇನೆ, ಹೆದರಿಕೆ. ಸೈಕಲ್ಲಿಗೆ ಮಾತ್ರವಲ್ಲ, ಎಲ್ಲದಕ್ಕೂ. ಕಾರ್ಖಾನೆಯವರು ನನ್ನನ್ನು ಸ್ಟೋರ್ಸಿನಲ್ಲಿ ಕೂರಿಸಿದ್ದರು. ಕೂತು ಕೂತೇ ಎಷ್ಟು ದಣಿದಿದ್ದೆನೆಂದರೆ, ಇನ್ನು ಮುಂದೆ ಹೀಗೇ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ನಾಲ್ಕು ಜನರೆದುರು ಎಡಗೈ ಜೇಬಿನಲ್ಲೇ ಇರುತ್ತಿತ್ತು.

ಹೀಗಿರುವಾಗ ಆಯುಧಪೂಜೆ ಬಂತು. ಪೀಣ್ಯದವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮೆಷಿನ್‌ಗಳನ್ನೆಲ್ಲ ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಪಟ್ಟೆ ಬಳಿದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟದಿದ್ದರೆ ನಮಗೆ ವರ್ಷವೇ ನಡೆಯುವುದಿಲ್ಲ. ನಿವೃತ್ತರಾದ ಭಾವನಿಗೆ ಈಗ ಇರುವ ಮೆಷಿನ್ ನಾಲ್ಕು ಸೈಕಲ್. ಬೆಳಗ್ಗೆಯೇ ಅವನ್ನು ಗುಡ್ಡದ ನೆತ್ತಿಗೆ ಸಾಗಿಸಿ, ತೊಳೆದು, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಭಾವ ಮೊದಲ ಸೈಕಲ್ಲಿನ ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ನನ್ನನ್ನು ಕರೆದರು.

"ನೀನೇ ತುಳಿಸು" ಎಂದರು. ನಾನು ಒಲ್ಲೆ ಎಂದೆ. "ಎರಡೇ ಅಡಿ ಕಣ್ಲಾ. ನಿಂಬೆಅಣ್ಣು ಒಡೀಲಿ, ಇಳಿದ್ಬಿಡು. ಮುಂದಿನ ಬ್ರೇಕ್ ಇಡ್ಕಂಡಿರು" ಎಂದರು. ಹಬ್ಬದ ದಿನ, ಅಕ್ಕನ ಮುಖ ಬೇರೆ. ಎರಡು ಅಡಿ ತಾನೆ ಎಂದು ಹತ್ತಿ ಕೂತು ಬಲಗೈಯಲ್ಲಿ ಬ್ರೇಕು ಭದ್ರವಾಗಿ ಹಿಡಿದೆ.

ಈ ಸೈಕಲ್ಲಿನ ಬ್ರೇಕು ಚಕ್ರದ ನಡುವೆ ತಿರುಗುವ, ತೂತು ತೂತಾದ ತೆಳ್ಳನೆಯ ಉಕ್ಕಿನ ತಟ್ಟೆಯನ್ನು ಹಿಡಿಯುತ್ತದೆ. ಆ ತಟ್ಟೆ ಒಣಗಿದ್ದರೆ ಮಾತ್ರ ಹಿಡಿತ. ಆದರೆ ತಿರುಗುವ ವಸ್ತುವೊಂದು ಕಣ್ಣೆದುರಿಗೆ ಒಣಗಿ ನಿಂತಿದ್ದರೆ ಭಾವ ಸುಮ್ಮನಿರುವ ಮನುಷ್ಯರೇ? ಅದೂ ಆಯುಧಪೂಜೆಯ ದಿನ? ನಾಲ್ಕು ಸೈಕಲ್ಲಿನ ಎಂಟು ತಟ್ಟೆಗೂ ತಮ್ಮ ಕೈಯಾರೆ ಎಣ್ಣೆ ಬಳಿದು, ಮೇಲೊಂದು ಕುಂಕುಮದ ಬೊಟ್ಟೂ ಇಟ್ಟಿದ್ದರು!

ಮುಂದಿನ ಚಕ್ರದ ನಿಂಬೆಹಣ್ಣು ಪಚ್ ಎಂದಿತು. ಬ್ರೇಕು ಒತ್ತಿದೆ. ಬೆಣ್ಣೆಯನ್ನು ಒತ್ತಿದ ಹಾಗಾಯಿತು. ಸೈಕಲ್ ಹಾರದ ಸಮೇತ ನನ್ನನ್ನು ಹೊತ್ತು ಗುಡ್ಡ ಇಳಿಯತೊಡಗಿತು. ಹಿಂದೆ ಭಾವನ ಕೂಗು, ಅದರ ಹಿಂದೆ ಆರತಿ ತಟ್ಟೆ ಬಿದ್ದ ಸದ್ದು. ನಾನು ಕಣ್ಣು ಮುಚ್ಚಿ ಮನೆದೇವರನ್ನು ಕರೆದೆ. ಮನೆದೇವರಿಗಿಂತ ಮೊದಲು ಬದು ಬಂತು. ಸೈಕಲ್ ಅದನ್ನು ಏರುತ್ತ ಏರುತ್ತ ಮೆತ್ತಗಾಗಿ, ನೆತ್ತಿಯಲ್ಲಿ ಒಂದು ಕ್ಷಣ ಯೋಚಿಸಿ, ಆಚೆ ಇಳಿಯಿತು. ಮತ್ತೆ ವೇಗ, ಮತ್ತೆ ಬದು, ಮತ್ತೆ ಮೆತ್ತಗೆ. ಮೂರನೆಯದರಲ್ಲಿ ಕಣ್ಣು ಬಿಟ್ಟೆ. ಐದನೆಯದರ ಹೊತ್ತಿಗೆ ಗೊತ್ತಾಯಿತು, ಪ್ರತಿ ನೆತ್ತಿಯಲ್ಲೂ ಸೈಕಲ್ ನಿಂತೇ ಬಿಡುವಷ್ಟು ನಿಧಾನವಾಗುತ್ತದೆ; ಬೇಕೆಂದರೆ ಕಾಲೂರಿ ಇಳಿದುಬಿಡಬಹುದು. ಟೈರು ನಿಲ್ಲುತ್ತಿದ್ದುದು ಅಲ್ಲೇ. ಟೈರಿಗೆ ಬ್ರೇಕ್ ಎಲ್ಲಿತ್ತು? ಟೈರಿಗೆ ಕೈ ಎಲ್ಲಿತ್ತು?

ಆರನೆಯ ಬದುವಿನ ನೆತ್ತಿಯಲ್ಲಿ ನಾನು ಕಾಲೂರಬಹುದಿತ್ತು. ಊರಲಿಲ್ಲ.

ಹನ್ನೊಂದನೆಯದನ್ನು ದಾಟಿ ಸೈಕಲ್ ಹೊಂಗೆಮರದ ನೆರಳಿಗೆ ಬಂದು ತಾನಾಗಿಯೇ ನಿಂತಿತು. ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಎಡಗೈಯ ಉಳಿದೆರಡು ಬೆರಳು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಬಿಡಿಸಿಕೊಳ್ಳಲು ಹೊತ್ತಾಯಿತು. ಅಷ್ಟರಲ್ಲಿ ಭಾವ ಬರಿಗಾಲಲ್ಲಿ ಓಡಿಬಂದರು. ಪಂಚೆಯ ತುಂಬ ಲಂಟಾನದ ಮುಳ್ಳು. ಬಂದವರೇ ಪಂಚೆಯ ತುದಿಯಿಂದ ಆ ಎಣ್ಣೆ ತಟ್ಟೆಯನ್ನು ಉಜ್ಜತೊಡಗಿದರು. ಅಳುತ್ತಿದ್ದರು.

"ಎಣ್ಣೆ ಆಕ್ಬಾರ್ದಿತ್ತೇನೋ ಕಣ್ಲಾ ಇದುಕ್ಕೆ" ಎಂದರು.

"ಭಾವ, ಈ ಬದುಗಳನ್ನ ಯಾರಿಗೆ ಅಂತ ಹಾಕಿದ್ರಿ?" ಎಂದು ಕೇಳಿದೆ.

ಅವರು ತಟ್ಟೆ ಬಿಟ್ಟು ನನ್ನ ಎಡಗೈ ಹಿಡಿದುಕೊಂಡರು. ಅಷ್ಟು ದಿನ ಆ ಕೈಯನ್ನು ಡಾಕ್ಟರ್ ಬಿಟ್ಟರೆ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. "ಆ ಪ್ರೆಸ್ ಕೆಲ್ಸುಕ್ಕೆ ನಿನ್ನ ಸೇರಿಸ್ದೋನು ನಾನು" ಎಂದರು. ನನ್ನ ಕೈಗೆಲ್ಲ ಎಣ್ಣೆ, ಕುಂಕುಮ. ಎರಡು ವರ್ಷ ಭಾನುವಾರದ ನಿದ್ದೆ ಕೆಡಿಸಿದ್ದಕ್ಕೆ ಈ ಮನುಷ್ಯನನ್ನು ಎಷ್ಟು ಬೈದುಕೊಂಡಿದ್ದೆ!

ಮೇಲಿನಿಂದ ಅಕ್ಕ ಕೂಗಿದಳು. ಹಿಂದಿನ ಚಕ್ರದ ನಿಂಬೆಹಣ್ಣು ಒಡೆಯದೆ ಜಾರಿಹೋಗಿದೆಯಂತೆ, ಹಾಗೆ ಬಿಡುವುದು ಒಳ್ಳೆಯದಲ್ಲವಂತೆ, ಇನ್ನೊಮ್ಮೆ ತುಳಿಸಬೇಕಂತೆ.

ಭಾವ ಹೆದರಿ ನನ್ನ ಮುಖ ನೋಡಿದರು. ನಾನು ಸೈಕಲ್ಲನ್ನು ಅವರ ಕೈಗೆ ಕೊಟ್ಟು, ನನಗೆ ಸುಸ್ತಾಗಿದೆ, ನೀವೇ ತಳ್ಳಿ ಎಂದೆ. ಅವರು ಹಾರ ಹಾಕಿದ ಸೈಕಲ್ಲನ್ನು ತಳ್ಳುತ್ತ ಮುಂದೆ, ನಾನು ಕೈಬೀಸಿಕೊಂಡು ಹಿಂದೆ. ನಾಲ್ಕನೆಯ ಬದುವಿಗೇ ಅವರು ಏದುಸಿರು ಬಿಡುತ್ತ ಕೂತರು.

"ಬದು ಜಾಸ್ತಿ ಆಯ್ತು ಕಣ್ಲಾ" ಎಂದರು. "ಆ ಉಡುಗ್ರು ಯೋಳಿದ್ದೇ ಸರಿ. ಅರ್ಧ ತೆಗೆದಾಕನ."

ನಾನು ಅವರ ಪಕ್ಕದಲ್ಲಿ ಕೂತೆ.

"ಒಂದನ್ನೂ ತೆಗೀಬೇಡಿ ಭಾವ" ಎಂದೆ.