ಹೆಲೆನ್ ಹೇಳಿದ ಐದು ನಿಮಿಷ

ಪತ್ರಿಕೆಯಲ್ಲಿ ವೇಳೆ ತಪ್ಪಾಗಿ ಅಚ್ಚಾಗಬಾರದು ಎಂಬುದು ನನ್ನ ವೃತ್ತಿಧರ್ಮ. ‘ಸ್ವಲ್ಪ ಹೊತ್ತು’ ಎಂದು ಬರೆದು ತಂದ ವರದಿಗಾರರನ್ನು ‘ಸ್ವಲ್ಪ ಅಂದರೆ ಎಷ್ಟು?’ ಎಂದು ಕೇಳಿ ವಾಪಸು ಕಳಿಸುವ ಉಪಸಂಪಾದಕ ನಾನು. ಆದ್ದರಿಂದಲೇ, ಗುಂಡ್ಲುಪೇಟೆಯಲ್ಲಿ ನಡೆಯಲಿದ್ದ ನಾದಿನಿಯ ಮದುವೆಗೆ ಚಾಮರಾಜನಗರದ ಅಕ್ಕಸಾಲಿಗರಿಂದ ತಾಳಿ ತರುವ ಹೊಣೆಯನ್ನು ಹೆಂಡತಿ ಶಾರದಾ ನನಗೆ ವಹಿಸಿ ಮುಂಚೆಯೇ ಹೋಗಿದ್ದಳು. ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ನನಗೆ ಎಳ್ಳಷ್ಟೂ ಆತಂಕವಿರಲಿಲ್ಲ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹೆಲೆನ್, ತಾಳಿ ತೆಗೆದುಕೊಂಡು ಹೊರಟ ನನ್ನನ್ನು ತಮ್ಮ ಕಾರಿನಲ್ಲಿ ಕರೆದೊಯ್ದರು. ಇಂಗ್ಲೆಂಡಿನವರು, ಹಕ್ಕಿಗಳ ಅಧ್ಯಯನಕ್ಕೆ ಬಂದವರು. ಊರಾಚೆ ಕೆರೆ ಕಂಡೊಡನೆ ಕಾರು ನಿಲ್ಲಿಸಿ, ‘ಜಸ್ಟ್ ಎ ಸೆಕೆಂಡ್’ ಎಂದು ದುರ್ಬೀನು ಹಿಡಿದು ಇಳಿದರು. ಇಂಗ್ಲಿಷರ ಸಮಯಪಾಲನೆಯನ್ನು ಹೊಗಳಿ ನಾನು ಸಂಪಾದಕೀಯವನ್ನೇ ಬರೆದವನು. ಸೆಕೆಂಡ್ ಎಂದರೆ ಸೆಕೆಂಡ್. ಸೀಟ್ ಬೆಲ್ಟನ್ನೂ ಬಿಚ್ಚದೆ ಕಾದೆ.

ಶಾರದಾ ಫೋನ್ ಮಾಡಿದಳು. ‘ರೀ, ಎಲ್ಲಿದ್ದೀರಿ?’

‘ಒಂದೇ ಸೆಕೆಂಡು, ಹೊರಟ್ವಿ.’

ಬಹಳ ಹೊತ್ತಿನ ಮೇಲೆ ಮತ್ತೆ ಮಾಡಿದಳು. ಆಗಲೂ ಅದೇ ಸೆಕೆಂಡು ನಡೆಯುತ್ತಿತ್ತು!

ಕೊನೆಗೆ ಬಂದ ಹೆಲೆನ್, ಕೆರೆಯಲ್ಲಿ ಕಂಡಂಥ ಹಕ್ಕಿಯನ್ನು ನೋಡಿ ‘ಏಜಸ್’ ಆಗಿತ್ತು ಎಂದರು. ಏಜಸ್ ಎಂದರೆ ಯುಗಗಳು. ವಿಚಾರಿಸಿದೆ. ಹೋದ ವಾರ ನೋಡಿದ್ದರಂತೆ!

ನನಗೆ ಜ್ಞಾನೋದಯವಾಯಿತು. ಇವರೂ ನಮ್ಮವರೇ! ನಮ್ಮಲ್ಲೂ ‘ಬಂದ್ಬುಟ್ಟೆ, ಐದೇ ನಿಮಿಷ’ ಎಂದು ಫೋನಿನಲ್ಲಿ ಹೇಳುವವರು ಆಗಿನ್ನೂ ಸ್ನಾನಕ್ಕೆ ನೀರು ಕಾಯಿಸುತ್ತಿರುತ್ತಾರೆ. ಹೇಳಿದ್ದನ್ನು ಆರರಿಂದ ಗುಣಿಸಿದರೆ ಸರಿಯಾದ ವೇಳೆ ಸಿಗುತ್ತದೆ.

ತೆರಕಣಾಂಬಿಯಲ್ಲಿ ಕಾಫಿಗೆ ನಿಂತೆವು. ಹೆಲೆನ್ ಬೇಗ ಕುಡಿದೆದ್ದು, ‘ಫೈವ್ ಮಿನಿಟ್ಸ್, ಹೊರಡೋಣ’ ಎಂದು ಕಾರಿನತ್ತ ನಡೆದರು. ನಾನು ಮನಸ್ಸಿನಲ್ಲೇ ಗುಣಿಸಿ, ನಿರಾಳವಾಗಿ ಇಡ್ಲಿ ಹೇಳಿದೆ.

ಹೋಟೆಲಿನ ಮಾದಪ್ಪ ಹೊರಗೆ ಇಣುಕಿದ. ‘ಸಾ, ಆವಮ್ಮ ಆರನ್ ಒಡೀತಾವ್ರೆ. ಓಗ್ಬುಡಿ.’

‘ಇನ್ನೂ ಟೈಮಿದೆ. ಇಂಗ್ಲಿಷ್ ನಂಗೊತ್ತು ಕಣಯ್ಯ. ಒಂದು ವಡೆ ಹಾಕು.’

ವಡೆ ಬಂತು. ಕಾರು ಹೋಯಿತು!

‘ಒಂಟೋಯ್ತಲ್ಲ ಸಾ!’ ಎಂದ ಮಾದಪ್ಪ. ‘ಚಟ್ನಿ ಬುಡ್ಲಾ?’

ತಾಳಿ ಕಾರಿನಲ್ಲಿತ್ತು. ಶಾರದಾಗೆ ಫೋನ್ ಮಾಡಿದೆ.

‘ಗೊತ್ತು. ಹೆಲೆನ್ ನಂಗೆ ಫೋನ್ ಮಾಡಿದ್ರು,’ ಎಂದಳು. ‘ತಾಳಿ ತಂದ್ಬುಡಿ ಅಂದೆ. ನೀವಿಲ್ದಿದ್ರೂ ಮುಹೂರ್ತ ನಡೀತದೆ.’

ನಡೆಯಿತು ಕೂಡ. ಸಿಕ್ಕಿದ ಬಸ್ಸಿನಲ್ಲಿ ನಿಂತೇ ಗುಂಡ್ಲುಪೇಟೆ ಮುಟ್ಟಿದಾಗ ಮನೆಯವರ ಗ್ರೂಪ್ ಫೋಟೋ ತೆಗೆಯುತ್ತಿದ್ದರು. ಶಾರದಾ ಪಕ್ಕ, ನಾನಿರಬೇಕಾದ ಜಾಗದಲ್ಲಿ, ಹೆಲೆನ್ ಮಲ್ಲಿಗೆ ಮುಡಿದು ನಿಂತಿದ್ದರು.

‘ಸ್ವಲ್ಪ ಹೊತ್ತಾಯ್ತು,’ ಎಂದೆ ಮೆಲ್ಲಗೆ.

‘ಸ್ವಲ್ಪ ಅಂದ್ರೆ ಎಷ್ಟು?’ ಶಾರದಾ ಕೇಳಿದಳು.

ಹೆಲೆನ್ ಗಡಿಯಾರ ನೋಡಿ ನನ್ನ ಪರವಾಗಿ ಉತ್ತರಿಸಿದರು: ‘ಏಜಸ್!’

ತಿದ್ದಲು ಏನೂ ಇರಲಿಲ್ಲ.